ಎರಡು ಲ್ಯಾಪ್‌ಟಾಪ್, ಒಂದು ಆನೆ

"ಇವೆರಡರಲ್ಲಿ ನಿಮ್ಮಮ್ಮನ ಮಾನ ಕಳೆದದ್ದು ಯಾವುದು ಅಂತ ನೀನೇ ಹೇಳಮ್ಮ," ಎಂದು ಕ್ಲಾರೆನ್ಸ್ ವೀಬ್ ಎರಡು ಲ್ಯಾಪ್‌ಟಾಪ್‌ಗಳನ್ನು ಹೊಲಿಗೆ ಕೋಣೆಯ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು.

ಡಾರಿಯಾ ಕೊವಾಲ್ ಬಗ್ಗಿ ನೋಡಿದಳು. ಎರಡೂ ಕಪ್ಪು, ಎರಡೂ ಒಂದೇ ಅಳತೆ. ಮುಚ್ಚಳದ ಮೇಲಿನ ಗೀರುಗಳು ಕೂಡ ಅಣ್ಣತಮ್ಮಂದಿರ ಹಾಗೆ ಹೋಲುತ್ತಿದ್ದವು.

ಯಾರ್ಕ್‌ಟನ್ನಿನ ವಿಲೋ ಬೆಂಡ್ ವೃದ್ಧರ ವಸತಿಯಲ್ಲಿ ನಡೆಯುತ್ತಿರುವ ಚದುರಂಗದ ಅಂತಿಮ ಆಟದಲ್ಲಿ ಡಾರಿಯಾಳ ತಾಯಿ ಸ್ಟೆಫಾನಿಯಾ ಕಂಪ್ಯೂಟರನ್ನು ಕೇಳಿಕೊಂಡು ಆಡುತ್ತಿದ್ದಾರೆಂದು ಎದುರಾಳಿ ಗಾರ್ಡನ್ ಪೆಟಿಗ್ರೂ ದೂರು ಕೊಟ್ಟಿದ್ದರು. ಮಧ್ಯಾಹ್ನದ ಕಾಫಿಯಾದೊಡನೆ ಸಭೆ ಸೇರಿ ತೀರ್ಮಾನ ಮಾಡುವುದಿತ್ತು.

ತಪ್ಪು ಸಾಬೀತಾದರೆ ಕ್ಲಬ್ಬಿನಿಂದ ಹೆಸರು ಹೋಗುತ್ತದೆ, ಕಿಟಕಿ ಪಕ್ಕದ ಊಟದ ಮೇಜೂ ಹೋಗುತ್ತದೆ. ಮಾರ್ಚ್ ಬಂದರೂ ಹಿಮ ಕದಲದ ಆ ಊರಿನಲ್ಲಿ ಕಿಟಕಿ ಮೇಜೆಂದರೆ ದಿನಕ್ಕೆ ಸಿಗುವ ಒಂದಿಷ್ಟು ಬಿಸಿಲು. ಅದಕ್ಕಾಗಿ ಮಾತು ಬಿಟ್ಟವರು ಆ ಮನೆಯಲ್ಲಿದ್ದರು.

ಸ್ಟೆಫಾನಿಯಾ ಆಗಲೇ ಸೂಟ್‌ಕೇಸ್ ತುಂಬಿಸಿ ಬಾಗಿಲ ಬಳಿ ನಿಲ್ಲಿಸಿದ್ದರು. ಕಳ್ಳಿ ಎನ್ನಿಸಿಕೊಂಡು ಇಲ್ಲಿರುವ ಬದಲು ಡಾಫಿನ್‌ನಲ್ಲಿರುವ ತಂಗಿಯ ಮನೆಗೆ ಹೋಗುತ್ತೇನೆ ಎಂಬುದು ಅವರ ಹಟ. ಆ ಅಕ್ಕತಂಗಿಯರು ಒಂದು ಹೊತ್ತಿನ ಊಟ ಮುಗಿಯುವವರೆಗೂ ಜಗಳವಾಡದೆ ಇದ್ದದ್ದನ್ನು ಡಾರಿಯಾ ಕಂಡವಳಲ್ಲ. ಒಂದು ವಾರ ಕಳೆಯುವುದರೊಳಗೆ ಇಬ್ಬರಲ್ಲಿ ಒಬ್ಬರು ತನ್ನ ಮನೆ ಬಾಗಿಲಿಗೆ ಬಂದು ನಿಲ್ಲುತ್ತಾರೆಂಬುದು ಅವಳಿಗೆ ಖಚಿತವಿತ್ತು. ಇಬ್ಬರೂ ಬರಬಹುದೆಂಬುದೇ ಅವಳ ಭಯ.

ಸೊಂಟ ಮುರಿದಿದೆಯೆಂದು ವಿಮೆ ಪಡೆದು ಮರುವಾರವೇ ಮಂಜುಗಡ್ಡೆಯ ಮೇಲೆ ಕಲ್ಲು ಜಾರಿಸುವ ಕರ್ಲಿಂಗ್ ಆಡುವವರನ್ನು ಹಿಡಿಯುವುದು ಡಾರಿಯಾಳ ವೃತ್ತಿ. ಪೊದೆಯ ಹಿಂದೆ ಕ್ಯಾಮೆರಾ ಹಿಡಿದು ಕೂರುವುದರಲ್ಲಿ ಆ ಪ್ರಾಂತ್ಯದಲ್ಲೇ ಅವಳಿಗೆ ಸರಿಸಾಟಿಯಿರಲಿಲ್ಲ. ಆದರೆ ಈ ಕೇಸಿನಲ್ಲಿ ಪೊದೆಯೇ ಇರಲಿಲ್ಲ.

"ನೋಡೋಕೆ ಒಂದೇ ಥರ ಇವೆಯಲ್ಲ, ವೀಬ್ ಅವರೇ," ಎಂದಳು.

ಕ್ಲಾರೆನ್ಸ್ ಈ ಪ್ರಶ್ನೆಗಾಗಿಯೇ ವರ್ಷಗಳಿಂದ ಕಾದಿದ್ದವರಂತೆ ಕುರ್ಚಿ ಎಳೆದುಕೊಂಡರು. ಅವರು ಮೊದಲು ಗೋಧಿ ಉಗ್ರಾಣ ನೋಡಿಕೊಂಡಿದ್ದವರು. ಈಗ ವಿಲೋ ಬೆಂಡಿನ ಎರಡೇ ಎರಡು ಲ್ಯಾಪ್‌ಟಾಪ್‌ಗಳ ಉಸ್ತುವಾರಿ ಅವರದು. ಆ ಕೆಲಸವನ್ನು ಅವರು ಉಗ್ರಾಣಕ್ಕಿಂತ ಗಂಭೀರವಾಗಿ ತೆಗೆದುಕೊಂಡಿದ್ದರು.

ಹತ್ತು ವರ್ಷದ ಹಿಂದೆ ಒಂದೇ ಅಂಗಡಿಯ ಒಂದೇ ರಿಯಾಯಿತಿ ಮಾರಾಟದಲ್ಲಿ ಕೊಂಡ ಜೋಡಿ ಇದು, ಎಂದು ಅವರು ವಿವರಿಸಿದರು. ಮೈ ಒಂದೇ, ಮಿದುಳು ಬೇರೆ. ಲೈಬ್ರರಿಯಲ್ಲಿರುವುದರ ಒಳಗೆ ಎಎಂಡಿಯ ಇ-ಒನ್ ಪ್ರೊಸೆಸರ್. ಹೊಲಿಗೆ ಕೋಣೆಯದರಲ್ಲಿ ಇಂಟೆಲ್‌ನ ಸೆಲೆರಾನ್. ಎರಡರಲ್ಲೂ ಎರಡೆರಡು ಕೋರ್. ಎರಡೂ ಆ ಕಾಲದಲ್ಲೇ ಬಡವರ ಪಾಲಿನವು. ಮೊದಲನೆಯದರ ಓಟ ಒಂದು ಗಿಗಾಹರ್ಟ್ಸ್. ಎರಡನೆಯದರದ್ದು ಎರಡು ಗಿಗಾಹರ್ಟ್ಸನ್ನೂ ಸ್ವಲ್ಪ ಮೀರುತ್ತದೆ.

ಹಾಗಿದ್ದರೆ ಹೊಲಿಗೆ ಕೋಣೆಯದು ಎರಡು ಪಟ್ಟು ಜೋರು ಎಂದಾಯಿತು, ಎಂದಳು ಡಾರಿಯಾ.

ಕ್ಲಾರೆನ್ಸ್ ನೊಂದುಕೊಂಡರು. ಆ ಲೆಕ್ಕ ಹಾಗೆಲ್ಲ ಹಾಕಬಾರದಂತೆ. ಇ-ಒನ್ ಒಂದೊಂದು ಹೆಜ್ಜೆಯಲ್ಲಿ ಹೆಚ್ಚು ಕೆಲಸ ಮಾಡುತ್ತದಂತೆ, ಚಿತ್ರ ತೋರಿಸುವುದರಲ್ಲಿ ಅದರ ಮುಂದೆ ಸೆಲೆರಾನ್ ನಿಲ್ಲಲಾರದಂತೆ. ಮೀನು ಹಿಡಿಯುವ ವಿಡಿಯೋಗಳನ್ನು ಅವರು ಅದರಲ್ಲೇ ನೋಡುವುದು. ಒಟ್ಟಿನಲ್ಲಿ ಸೆಲೆರಾನ್ ಸ್ವಲ್ಪ ಮುಂದೆ ಎಂಬುದನ್ನು ಒಪ್ಪಿಕೊಳ್ಳುವಾಗ ಅವರು ಮಗಳ ಮದುವೆಯಲ್ಲಿ ಬೀಗರನ್ನು ಹೊಗಳುವವರ ಮುಖ ಮಾಡಿದರು.

"ಆದ್ರೆ ಅದಕ್ಕೆ ಫ್ಯಾನೇ ಇಲ್ಲ ನೋಡು. ಬಿಸಿಯೂ ಆಗಲ್ಲ, ಸದ್ದೂ ಮಾಡಲ್ಲ. ಸಸ್ಕಾಚೆವಾನಿನ ಚಳೀಲಿ ತೊಡೆ ಬೆಚ್ಚಗೆ ಮಾಡದೇ ಇರೋ ಲ್ಯಾಪ್‌ಟಾಪ್ ಇಟ್ಕೊಂಡು ಏನು ಮಾಡ್ತೀಯ?"

ಲೈಬ್ರರಿಯದನ್ನು ಒತ್ತಿದರು. ಅದು ಒಮ್ಮೆ ಕೆಮ್ಮಿ, ಫ್ಯಾನ್ ತಿರುಗಿಸಿ, ಗಾಢ ನಿದ್ದೆಯಲ್ಲಿರುವ ಮಾವನಂತೆ ಸದ್ದು ಮಾಡತೊಡಗಿತು. ಮನೆಯವರೆಲ್ಲ ಅದನ್ನು 'ಗೊರಕೆ' ಎಂದು ಕರೆಯುತ್ತಿದ್ದರು. ಇನ್ನೊಂದರ ಹೆಸರು 'ಮೌನಿ'.

ಡಾರಿಯಾ ಒಂದೊಂದಾಗಿ ಕೇಳುತ್ತ ಹೋದಳು. ಚದುರಂಗದ ಆಟ ಎರಡರಲ್ಲೂ ಇದೆ, ಒಂದೇ ಹಳೆಯ ಆಟ. ಎರಡಕ್ಕೂ ಇಂಟರ್‌ನೆಟ್ ಇಲ್ಲ. ಇಷ್ಟು ಹಳೆಯವನ್ನು ಹೊರಗೆ ಬಿಡಬಾರದೆಂದು ಕ್ಲಾರೆನ್ಸ್ ಅದನ್ನು ಕತ್ತರಿಸಿದ್ದರು. ಮನೆಯವರ ಫೋನುಗಳು ಹೆಚ್ಚಿನವು ಮಡಚುವಂಥವು. ಮಡಚದ ನಾಲ್ಕಾರನ್ನು ಕ್ಲಾರೆನ್ಸ್ ನಿನ್ನೆಯೇ ತೆರೆಸಿ ನೋಡಿದ್ದರು. ಅವುಗಳಲ್ಲಿ ಮೊಮ್ಮಕ್ಕಳ ಫೋಟೋ ಬಿಟ್ಟು ಬೇರೇನಿರಲಿಲ್ಲ. ಅಂದರೆ ಯಾರಾದರೂ ಯಂತ್ರವನ್ನು ಕೇಳಿದ್ದರೆ ಇವೆರಡರಲ್ಲಿ ಒಂದನ್ನೇ ಕೇಳಿರಬೇಕು.

ಮೌನಿಯಲ್ಲಿ ಸ್ಟೆಫಾನಿಯಾ ದಿನವೂ ಹೆಣಿಗೆಯ ಚಿತ್ರ ನೋಡುತ್ತಿದ್ದರು. ಗೊರಕೆಯ ಪಕ್ಕದ ಸೋಫಾದಲ್ಲಿ ಪೆಟಿಗ್ರೂ ದಿನವೂ ಪತ್ರಿಕೆ ಓದುತ್ತಿದ್ದರು.

ಅಂತಿಮ ಆಟದ ನಿಯಮ ಸರಳವಾಗಿತ್ತು. ಮಣೆ ಊಟದ ಹಾಲಿನಲ್ಲಿ ಗಾಜಿನ ಮುಚ್ಚಳದ ಕೆಳಗಿರುತ್ತದೆ. ಬೆಳಿಗ್ಗೆ ತಿಂಡಿಗೆ ಮೊದಲು ಪೆಟಿಗ್ರೂ ಒಂದು ನಡೆ ಆಡುತ್ತಾರೆ, ಸಂಜೆ ಊಟದ ನಂತರ ಸ್ಟೆಫಾನಿಯಾ ಒಂದು ನಡೆ. ಪಕ್ಕದ ಕರಿಹಲಗೆಯ ಮೇಲೆ ಎಲ್ಲ ನಡೆಗಳನ್ನೂ ಪೆಟಿಗ್ರೂ ಬೆಳಿಗ್ಗೆ ತಾವೇ ಬರೆಯುತ್ತಾರೆ, ಏಕೆಂದರೆ ಬೇರೆಯವರ ಕೈಬರಹ ಅವರಿಗೆ ಸೇರುವುದಿಲ್ಲ.

ಮೊನ್ನೆ ಸಂಜೆಯವರೆಗೆ ಎಲ್ಲವೂ ನೆಟ್ಟಗಿತ್ತು. ನಿನ್ನೆ ಬೆಳಿಗ್ಗೆ ನೋಡಿದರೆ ಸ್ಟೆಫಾನಿಯಾರ ಬಿಳಿ ಆನೆ ಶತ್ರುವಿನ ರಾಜನ ಬಾಗಿಲಿಗೆ ಹೋಗಿ, ತಿನ್ನು ಬಾ ಎಂದು ನಿಂತಿತ್ತು. ತಿಂದರೆ ಪೆಟಿಗ್ರೂ ಆಟ ಕುಸಿಯುತ್ತದೆ, ತಿನ್ನದಿದ್ದರೆ ಇನ್ನೂ ಬೇಗ ಕುಸಿಯುತ್ತದೆ. ಇಡೀ ಮನೆ ಚಪ್ಪಾಳೆ ತಟ್ಟಿತು. ಪೆಟಿಗ್ರೂ ಪ್ರತಿಭಟಿಸುತ್ತಲೇ ಆನೆಯನ್ನು ತಿಂದು, ನೇರವಾಗಿ ಮೇಲ್ವಿಚಾರಕಿಯ ಕೋಣೆಗೆ ಹೋಗಿ ದೂರು ಕೊಟ್ಟರು. ಆಟ ಅಲ್ಲಿಗೆ ನಿಂತಿತ್ತು.

ಡಾರಿಯಾ ಆನೆ ಕದಲುವುದಕ್ಕೆ ಮುಂಚಿನ ಸ್ಥಿತಿಯನ್ನು ಎರಡು ಯಂತ್ರಗಳಲ್ಲೂ ಜೋಡಿಸಿದಳು. ಒಂದು ನಡೆಗೆ ಒಂದು ನಿಮಿಷ ಯೋಚಿಸು ಎಂದು ಎರಡರಲ್ಲೂ ಮೊದಲೇ ಗೊತ್ತು ಮಾಡಿತ್ತು. ಯಾರೂ ಅದನ್ನು ಬದಲಾಯಿಸಿರಲಿಲ್ಲ, ಬದಲಾಯಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಎರಡರ ಗುಂಡಿಯನ್ನೂ ಒಟ್ಟಿಗೆ ಒತ್ತಿದಳು.

ಗೊರಕೆ ಭೋರ್ಗರೆಯಿತು. ಮೌನಿ ಸುಮ್ಮನೆ ಮಿನುಗಿತು. ಕ್ಲಾರೆನ್ಸ್ ಕುದುರೆ ಜೂಜಿನಲ್ಲಿ ಕೂತವರಂತೆ ಗೊರಕೆಯ ಮುಚ್ಚಳದ ಮೇಲೆ ಕೈಯಿಟ್ಟು, ಬಾ ಮಗನೇ, ಬಾ ಎನ್ನುತ್ತಿದ್ದರು.

ಗೊರಕೆ ಹೇಳಿತು: ಕುದುರೆಯನ್ನು ಹಿಂದಕ್ಕೆ ಎಳೆ.

ಮೌನಿ ಹೇಳಿತು: ಆನೆಯನ್ನು ಕೊಡು.

ಮೈಯೂ ಒಂದೇ, ಆಟವೂ ಒಂದೇ. ಆದರೆ ಒಂದು ನಿಮಿಷದಲ್ಲಿ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಂಡಿರಲಿಲ್ಲ. ಆನೆ ಕಂಡದ್ದು ಅಮ್ಮ ದಿನವೂ ಕೂರುವ ಯಂತ್ರಕ್ಕೆ.

ಸ್ಟೆಫಾನಿಯಾ ಹೆಣೆದುಕೊಟ್ಟ ಉಣ್ಣೆಯ ಮಫ್ಲರು ಕ್ಲಾರೆನ್ಸ್ ಅವರ ಕೊರಳಲ್ಲೇ ಇತ್ತು. ಅವರು ಅದನ್ನೊಮ್ಮೆ ಬಿಗಿದುಕೊಂಡು, ಕಾಫಿ ತರುತ್ತೇನೆಂದು ಹೊರಗೆ ಹೋದರು.

ಒಬ್ಬಳೇ ಉಳಿದ ಡಾರಿಯಾ ಗೊರಕೆಯ ಪರದೆಯನ್ನು ನೋಡುತ್ತ ಕೂತಳು. ಕುದುರೆಯನ್ನು ಹಿಂದಕ್ಕೆ ಎಳೆ. ಈ ಮಾತನ್ನು ಅವಳು ಎಲ್ಲೋ ಕೇಳಿದ್ದಳು.

ಕೇಳಿದ್ದಲ್ಲ, ಓದಿದ್ದು. ಪೆಟಿಗ್ರೂ ದೂರಿನಲ್ಲಿ ಮೇಲ್ವಿಚಾರಕಿಗೆ ಹೇಳಿದ್ದನ್ನು ಆಕೆ ಸೂಚನಾ ಫಲಕದಲ್ಲಿ ಹಾಕಿಸಿದ್ದರು: ಆ ಸ್ಥಿತಿಯಲ್ಲಿ ಯಾವುದೇ ಮನುಷ್ಯ ಕುದುರೆಯನ್ನು ಹಿಂದಕ್ಕೆ ಎಳೆಯುತ್ತಾನೆ, ಬೇರೆ ನಡೆಯೇ ಇಲ್ಲ.

ಬೇರೆ ನಡೆಯೇ ಇಲ್ಲವೆಂದು ಅವರಿಗೆ ಅಷ್ಟು ಖಾತರಿಯಾಗಿ ಹೇಳಿದ್ದು ಯಾರು?

ಅವಳು ಊಟದ ಹಾಲಿಗೆ ಓಡಿ, ಕರಿಹಲಗೆಯನ್ನು ಫೋನಿನಲ್ಲಿ ಚಿತ್ರ ತೆಗೆದುಕೊಂಡು ಬಂದಳು. ಈ ಸಲ ಅಮ್ಮನ ನಡೆಗಳನ್ನು ಬಿಟ್ಟು ಪೆಟಿಗ್ರೂ ಅವರ ನಡೆಗಳನ್ನು ಗೊರಕೆಗೆ ಕೇಳತೊಡಗಿದಳು. ಮೊದಲನೆಯದು ಹೊಂದಿತು. ಎರಡನೆಯದು, ಮೂರನೆಯದು ಕೂಡ. ಕ್ಲಾರೆನ್ಸ್ ಕಾಫಿ ಹಿಡಿದು ಬರುವ ಹೊತ್ತಿಗೆ ಅವಳು ಅರ್ಧ ಆಟ ಮುಗಿಸಿದ್ದಳು. ಪೆಟಿಗ್ರೂ ಆಡಿದ ನಡೆ, ಗೊರಕೆ ಹೇಳಿದ ನಡೆ, ಎರಡಕ್ಕೂ ಕೂದಲಿನಷ್ಟು ವ್ಯತ್ಯಾಸವಿರಲಿಲ್ಲ.

ಎಲ್ಲಕ್ಕಿಂತ ಚೆಂದದ್ದು ಕಳೆದ ವಾರದ ನಡೆ. ಸ್ಟೆಫಾನಿಯಾ ಒಂದು ಕಾಲಾಳನ್ನು ಹಾಗೇ ಬಿಟ್ಟುಕೊಟ್ಟಿದ್ದರು. ಪೆಟಿಗ್ರೂ ಅದನ್ನು ಒಂಟೆಯಿಂದ ತಿಂದಿದ್ದರು. ಅವರ ಆಟ ಕೆಟ್ಟದ್ದು ಅಲ್ಲಿಂದಲೇ. ಮೌನಿಯನ್ನು ಕೇಳಿದರೆ, ಬೇಡ ಎಂದಿತು. ಗೊರಕೆಯನ್ನು ಕೇಳಿದರೆ, ತಿನ್ನು ಎಂದಿತು.

"ನೋಡಿದಿರಾ, ನಿಮ್ಮ ಮಗ ಸಿಕ್ಕಿಬಿದ್ದ," ಎಂದಳು ಡಾರಿಯಾ.

ಕ್ಲಾರೆನ್ಸ್ ಪರದೆ ನೋಡಿದರು. ಗೆಳತಿ ಉಳಿದ ಸಂತೋಷಕ್ಕೂ ತಮ್ಮ ಪ್ರೊಸೆಸರ್ ಹೊಟ್ಟೆಬಾಕನೆಂದು ಗೊತ್ತಾದ ದುಃಖಕ್ಕೂ ನಡುವೆ ಸಿಕ್ಕಿ, ಕಾಫಿಯನ್ನು ಅವಳಿಗೆ ಕೊಡುವುದನ್ನು ಮರೆತು ತಾವೇ ಕುಡಿದುಬಿಟ್ಟರು.

ಗಾರ್ಡನ್ ಪೆಟಿಗ್ರೂ ಲೈಬ್ರರಿಯಲ್ಲಿ ನೇರ ಬೆನ್ನಿನಿಂದ ಕೂತು ಪತ್ರಿಕೆ ಓದುತ್ತಿದ್ದರು. ಯಾವಾಗಲೂ ಗೊರಕೆ ಇರುತ್ತಿದ್ದ ಮೇಜು ಬರಿದಾಗಿತ್ತು. ಅದರತ್ತ ಅವರು ನೋಡದೆ ಇದ್ದ ರೀತಿಯೇ ಡಾರಿಯಾಗೆ ಸಾಕಾಗಿತ್ತು.

ತೊಂದರೆ ಒಂದೇ. ಅವರು ಅವಳ ಶಾಲೆಯ ಹೆಡ್‌ಮಾಸ್ಟರ್ ಆಗಿದ್ದವರು. ಐವತ್ತು ದಾಟಿದ ಡಾರಿಯಾ, ಬಂದೂಕು ಹಿಡಿದ ರೈತನೊಬ್ಬನ ಮುಂದೆ ನಿಂತೂ ಬೆವರದಿದ್ದವಳು, ಆ ಬಾಗಿಲಲ್ಲಿ ನಿಂತಾಗ ತನ್ನ ಉಗುರುಗಳು ಚೊಕ್ಕಟವಾಗಿವೆಯೇ ಎಂದು ನೋಡಿಕೊಂಡಳು.

"ಕೊವಾಲ್. ಬಾಗಿಲಲ್ಲಿ ನಿಂತ್ಕೋಬೇಡ. ಒಳಗೆ ಬಾ, ಇಲ್ಲಾ ಹೊರಗೆ ಹೋಗು," ಎಂದರು ಪೆಟಿಗ್ರೂ.

ಅವಳು ಒಳಗೆ ಬಂದು ಎದುರಿಗೆ ಕೂತಳು. ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಅವರ ಕೆಮ್ಮು ಹೇಗಿದೆಯೆಂದು ವಿಚಾರಿಸಿದಳು. ಅವರು ಪತ್ರಿಕೆ ಮಡಚಿದರು.

ಅವರ ಕೆಮ್ಮು ವಿಲೋ ಬೆಂಡಿನಲ್ಲಿ ಪ್ರಸಿದ್ಧವಾಗಿತ್ತು. ಈ ಅಂತಿಮ ಆಟ ಶುರುವಾದಾಗಿನಿಂದ ದಿನವೂ ಬೆಳಿಗ್ಗೆ ಲೈಬ್ರರಿಯಿಂದ ಅದು ಕೇಳಿಬರುತ್ತಿತ್ತು. ಪಕ್ಕದ ಕೋಣೆಯ ಹೆಂಗಸರು ಪಾಪವೆಂದು ಜೇನುತುಪ್ಪ, ಕಷಾಯ, ಬಗೆಬಗೆಯ ಮಾತ್ರೆ ತಂದುಕೊಟ್ಟಿದ್ದರು. ಆದರೆ ಊಟದ ಹಾಲಿನಲ್ಲಾಗಲಿ, ಇಗರ್ಜಿಯಲ್ಲಾಗಲಿ, ಹೊರಗಿನ ಕೊರೆಯುವ ಗಾಳಿಯಲ್ಲಾಗಲಿ ಅವರು ಒಮ್ಮೆಯೂ ಕೆಮ್ಮಿದ್ದನ್ನು ಯಾರೂ ಕೇಳಿರಲಿಲ್ಲ.

"ಈಗ ಕೆಮ್ಮು ಬರ್ತಿಲ್ಲ ಅಲ್ವಾ ಸರ್? ಗೊರಕೆ ಇಲ್ಲಿಲ್ಲ, ಅದಕ್ಕೆ. ಅದರ ಫ್ಯಾನ್ ಸದ್ದು ಹೊರಗೆ ಕೇಳಬಾರದು ಅಂತ ನೀವು ಕೆಮ್ತಿದ್ರಿ."

ಪೆಟಿಗ್ರೂ ಅವಳನ್ನು ದಿಟ್ಟಿಸಿದರು. ಹಿಂದೆ ಆ ನೋಟಕ್ಕೆ ಇಡೀ ತರಗತಿ ತಲೆ ತಗ್ಗಿಸುತ್ತಿತ್ತು. ಡಾರಿಯಾ ತಗ್ಗಿಸದೆ ಇರಲು ಮೇಜಿನ ಅಂಚನ್ನು ಹಿಡಿದುಕೊಂಡಳು.

ಆಮೇಲೆ ಅವಳು ಎರಡು ಯಂತ್ರಗಳ ಕತೆಯನ್ನು ಹೇಳಿದಳು. ಒಂದೊಂದು ನಡೆಯೂ ಹೇಗೆ ಹೊಂದಿತೆಂದು ಹೇಳಿದಳು. ಅವರು, ಒಳ್ಳೆಯ ಆಟಗಾರನ ನಡೆ ಯಂತ್ರದ ನಡೆಗೆ ಹೊಂದುವುದರಲ್ಲಿ ಆಶ್ಚರ್ಯವೇನಿದೆ ಎಂದರು. ಅವಳು, ಒಳ್ಳೆಯ ನಡೆಗಳು ಹೊಂದಿದ್ದರೆ ನಾನು ಇಲ್ಲಿಗೆ ಬರುತ್ತಲೇ ಇರಲಿಲ್ಲ ಎಂದಳು.

"ಆ ಕಾಲಾಳು, ಸರ್. ಹೋದ ವಾರ ಒಂಟೆಯಿಂದ ತಿಂದ್ರಲ್ಲ, ಅದು. ಬಿಟ್ಟಿ ಸಿಕ್ಕಿದ ಕಾಲಾಳನ್ನ ಯೋಚಿಸದೆ ತಿನ್ನಬೇಡಿ ಅಂತ ಏಳನೇ ಕ್ಲಾಸಲ್ಲಿ ನಮಗೆ ಹೇಳಿಕೊಟ್ಟಿದ್ದು ಯಾರು? ತಿಂದಿದ್ದಕ್ಕೆ ನನ್ನನ್ನ ಬೆಂಚಿನ ಮೇಲೆ ನಿಲ್ಲಿಸಿದ್ರಿ. ನೀವಾಗಿದ್ರೆ ಅದನ್ನ ಮುಟ್ತಾನೇ ಇರಲಿಲ್ಲ. ತಿಂದಿದ್ದು ಆ ಒಂದು ಗಿಗಾಹರ್ಟ್ಸು."

ಕಿಟಕಿಯಾಚೆ ಹಿಮ ಗುಡಿಸುವ ಗಾಡಿ ಹೋಯಿತು. ಪೆಟಿಗ್ರೂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಳ್ಳದೆ ಕೈಯಲ್ಲೇ ಹಿಡಿದುಕೊಂಡರು. ಕನ್ನಡಕವಿಲ್ಲದ ಹೆಡ್‌ಮಾಸ್ಟರನ್ನು ಡಾರಿಯಾ ನೋಡಿದ್ದು ಅದೇ ಮೊದಲು.

"ಡಿಸೆಂಬರಲ್ಲಿ ಒಂದು ಬೆಳಿಗ್ಗೆ ಮಣೆ ಮುಂದೆ ಕೂತಿದ್ದೆ," ಎಂದರು. "ಕುದುರೆ ಕೈಗೆ ತಗೊಂಡೆ. ಅದು ಹೇಗೆ ನಡೆಯುತ್ತೆ ಅಂತ ಮರೆತುಹೋಯ್ತು. ಐದು ಜನ ನೋಡ್ತಾ ಇದ್ರು. ಗಂಭೀರವಾಗಿ ಯೋಚಿಸ್ತಿದೀನಿ ಅನ್ನೋ ಥರ ಕೂತೇ ಇದ್ದೆ. ಕೊನೆಗೆ ಅದನ್ನ ಎಲ್ಲಿತ್ತೋ ಅಲ್ಲೇ ಇಟ್ಟು ಎದ್ದುಬಂದೆ. ಸಂಜೆಗೆ ನೆನಪಾಯ್ತು."



ಅಂದಿನಿಂದ ಹಾಗೆ ಆಗಾಗ ಆಗುತ್ತಿದೆಯಂತೆ. ಮಗನಿಗೆ ಹೇಳಿಲ್ಲ. ಹೇಳಿದರೆ ಅವನು ರೆಜೈನಾದಲ್ಲಿರುವ, ಬಾಗಿಲಿಗೆ ಬೀಗ ಹಾಕುವಂಥ ವಸತಿಗೆ ಸೇರಿಸುತ್ತಾನೆ. ಈ ಮನೆಯವರು ತನ್ನನ್ನು ಚಾಂಪಿಯನ್ ಎಂದು ಕರೆಯುವವರೆಗೆ ಯಾರೂ ತನ್ನ ಮರೆವಿನ ಬಗ್ಗೆ ಯೋಚಿಸುವುದಿಲ್ಲ, ಎಂಬುದು ಅವರ ಲೆಕ್ಕವಾಗಿತ್ತು. ಗೊರಕೆ ಸೋಲಿಸುವುದಿಲ್ಲವೆಂದು ನಂಬಿದ್ದರು. ಆನೆ ಬಂದು ಬಾಗಿಲಲ್ಲಿ ನಿಂತಾಗ, ಸ್ಟೆಫಾನಿಯಾ ಕೂಡ ತನ್ನಂತೆಯೇ ಮಾಡಿರಬೇಕು, ಆದರೆ ಇನ್ನೊಂದು ಯಂತ್ರದಿಂದ, ಎಂದು ಅವರಿಗೆ ಅನ್ನಿಸಿತು.

"ಕಳ್ಳನಿಗೆ ಎಲ್ಲರೂ ಕಳ್ಳರ ಹಾಗೇ ಕಾಣ್ತಾರೆ. ನಿಮ್ಮಮ್ಮನ ಹತ್ರ ತಪ್ಪಾಯ್ತು ಅಂತ ಹೇಳ್ತೀನಿ."

"ಅಷ್ಟು ಬೇಡ ಸರ್. ದೂರು ವಾಪಸ್ ತಗೊಳ್ಳಿ, ಸಾಕು. ಬಾಕಿ ವಿಷಯ ನನ್ನ ಬಾಯಿಂದ ಹೊರಗೆ ಬರಲ್ಲ. ಆದ್ರೆ ಡಾಕ್ಟರ ಹತ್ರ ಹೋಗಬೇಕು, ನಾನೇ ಕರ್ಕೊಂಡು ಹೋಗ್ತೀನಿ."

ಅವರು ತಲೆಯಾಡಿಸಿದರು. ಅವಳು ಏಳುವಾಗ, ಬೆನ್ನು ನೆಟ್ಟಗೆ ಇಟ್ಟುಕೊಂಡು ನಡೆ ಎಂದು ಅಭ್ಯಾಸಬಲದಿಂದ ಹೇಳಿದರು. ಅವಳು ನೆಟ್ಟಗೆ ನಡೆದಳು.

ಸ್ಟೆಫಾನಿಯಾರ ಕೋಣೆಯಲ್ಲಿ ಈರುಳ್ಳಿ ಬಾಡಿಸಿದ ವಾಸನೆ ತುಂಬಿತ್ತು. ಸೂಟ್‌ಕೇಸ್ ಬಾಗಿಲ ಬಳಿಯೇ ಇತ್ತು. ಪಯಣಕ್ಕೆಂದು ಅವರು ಪಿರೋಗಿಗಳನ್ನು ಡಬ್ಬಿಗೆ ತುಂಬುತ್ತಿದ್ದರು. ಆಲೂಗೆಡ್ಡೆಯ ಹೂರಣದ ಆ ಕಡುಬುಗಳ ರಾಶಿ ನೋಡಿದರೆ ಡಾಫಿನ್‌ವರೆಗೆ ನಡೆದೇ ಹೋಗುವವರಂತಿತ್ತು.

ಡಾರಿಯಾ ಹಾಸಿಗೆಯ ಮೇಲೆ ಕೂತು, ಎಲ್ಲ ಮುಗಿಯಿತು, ದೂರು ವಾಪಸ್ಸಾಗುತ್ತದೆ, ಕಿಟಕಿ ಮೇಜು ನಿನ್ನದೇ ಎಂದಳು. ಪೆಟಿಗ್ರೂ ವಿಷಯವನ್ನು ನುಂಗಿಕೊಂಡಳು. ಅಮ್ಮ ತಬ್ಬಿಕೊಳ್ಳುತ್ತಾರೆ, ಇಲ್ಲವೇ ಒಂದು ಪಿರೋಗಿಯನ್ನಾದರೂ ಬಾಯಿಗೆ ತುರುಕುತ್ತಾರೆ ಎಂದು ಕಾದಳು.

ಸ್ಟೆಫಾನಿಯಾ ಡಬ್ಬಿಯ ಮುಚ್ಚಳ ಹಾಕಿದರು. ತೆಗೆದರು. ಮತ್ತೆ ಹಾಕಿದರು.

"ಮೌನಿಯಿಂದ ಕೇಳಿದ್ಯಾ ಅಮ್ಮ?" ಎಂದಳು ಡಾರಿಯಾ.

"ಛೀ. ಆ ಡಬ್ಬಾನ ಕೇಳೋಷ್ಟು ಗತಿಗೆಟ್ಟಿಲ್ಲ ನಾನು."

"ಮತ್ತೆ?"

"ನಾನು ಆನೆ ಮುಟ್ಟೇ ಇಲ್ಲ ಕಣೇ."

ಡಾರಿಯಾಗೆ ಮೊದಲು ಅರ್ಥವಾಗಲಿಲ್ಲ.

"ಮೊನ್ನೆ ಸಂಜೆ ನಾನು ಆಡಿದ್ದು ಕುದುರೆ. ಹಿಂದಕ್ಕೆ ಎಳೆದೆ. ಎಲ್ರೂ ಬಿಂಗೋ ಆಡೋಕೆ ಹೋಗಿದ್ರು, ನೋಡಿದವರು ಯಾರಿಲ್ಲ. ಬೆಳಿಗ್ಗೆ ತಿಂಡಿಗೆ ಬಂದ್ರೆ ಕುದುರೆ ಹಳೇ ಜಾಗದಲ್ಲಿದೆ, ಆನೆ ಹೋಗಿ ಅಲ್ಲಿ ನಿಂತಿದೆ. ಜನ ಎಲ್ಲಾ ಎದ್ದು ನಿಂತು ಚಪ್ಪಾಳೆ ಹೊಡೀತಿದಾರೆ. ಈ ವಯಸ್ಸಲ್ಲಿ ನನಗೆ ಯಾರು ಚಪ್ಪಾಳೆ ಹೊಡೀತಾರೆ ಹೇಳು? ಬಾಯಿ ಮುಚ್ಕೊಂಡು ಓಟ್ಸ್ ಗಂಜಿ ತಿಂದೆ."

ಡಾರಿಯಾ ಎದ್ದು ಕಿಟಕಿಯ ಬಳಿ ಹೋಗಿ ವಾಪಸ್ಸು ಬಂದಳು. ಬೆಳಿಗ್ಗೆಯಿಂದ ತಾನು ಕಟ್ಟಿದ್ದ ಕೇಸೆಲ್ಲ ಸರಿಯಾಗಿಯೇ ಇತ್ತು. ಆದರೆ ಅದು ಬೇರೆಯೇ ಕೇಸಾಗಿತ್ತು. ಪೆಟಿಗ್ರೂ ಮೋಸ ಮಾಡಿದ್ದು ನಿಜ. ಅವರ ದೂರಿನಲ್ಲಿದ್ದದ್ದೂ, ಒಂದು ರೀತಿಯಲ್ಲಿ, ನಿಜ. ಸ್ಟೆಫಾನಿಯಾ ಆ ನಡೆಯನ್ನು ಆಡಿರಲಿಲ್ಲ.

ಹಾಗಾದರೆ ಯಾರೋ ಮೌನಿಯನ್ನು ಕೇಳಿಕೊಂಡು ಕದ್ದು ಬಂದು ಅಮ್ಮನ ಪರವಾಗಿ ಆಡಿದ್ದಾರೆ. ಇದನ್ನು ಸಭೆಗೆ ಮುಂಚೆ ಯಾರಿಗೂ ಹೇಳಬೇಡ ಎಂದು ಅವಳು ಅಮ್ಮನನ್ನು ಬೇಡಿಕೊಂಡಳು. ಹೇಳಿದರೆ ಯಾರೂ ನಂಬುವುದಿಲ್ಲ, ವಾಪಸ್ಸಾದ ದೂರು ಮತ್ತೆ ಎದ್ದು ಕೂರುತ್ತದೆ. ಸ್ಟೆಫಾನಿಯಾ ನೋಡೋಣ ಎಂದರು. ಆ ಮಾತಿಗೆ ಇಲ್ಲ ಎಂದು ಅರ್ಥವೆಂಬುದು ಡಾರಿಯಾಗೆ ಚಿಕ್ಕಂದಿನಿಂದ ಗೊತ್ತಿತ್ತು.

ಇಬ್ಬರೂ ಊಟದ ಹಾಲಿಗೆ ಬಂದಾಗ ಅಲ್ಲಿ ಇನ್ನೂ ಯಾರೂ ಇರಲಿಲ್ಲ. ಬಿಸಿಲು ಕಿಟಕಿ ಮೇಜಿನಿಂದ ಇಳಿದು ನೆಲದ ಮೇಲೆ ಮಲಗಿತ್ತು. ಸ್ಟೆಫಾನಿಯಾ ಮಣೆಯ ಹತ್ತಿರ ಹೋಗಿ ನಿಂತರು. ಮಗಳ ತೋಳನ್ನು ಹಿಡಿದುಕೊಂಡರು.

ಗಾಜಿನ ಮುಚ್ಚಳದ ಕೆಳಗೆ ಬಿಳಿ ರಾಣಿ ಜಾಗ ಬಿಟ್ಟಿತ್ತು. ಬೆಳಿಗ್ಗೆ ಡಾರಿಯಾ ಕರಿಹಲಗೆಯ ಚಿತ್ರ ತೆಗೆದಾಗ ಅದು ತನ್ನ ಮೂಲೆಯಲ್ಲಿತ್ತು. ಈಗ ಮಣೆಯ ಅಂಚಿಗೆ, ಯುದ್ಧಕ್ಕೂ ತನಗೂ ಸಂಬಂಧವಿಲ್ಲವೆಂಬಂತೆ ಒಂದು ಖಾಲಿ ಮನೆಯಲ್ಲಿ ಹೋಗಿ ಕೂತಿತ್ತು.

"ನಾನಲ್ಲ," ಎಂದರು ಸ್ಟೆಫಾನಿಯಾ.

ಡಾರಿಯಾಗೆ ಅದು ಗೊತ್ತಿತ್ತು. ಅವಳ ತಲೆಯಲ್ಲಿ ಓಡುತ್ತಿದ್ದದ್ದು ಬೇರೆ. ಬೆಳಿಗ್ಗೆಯಿಂದ ಎರಡೂ ಲ್ಯಾಪ್‌ಟಾಪ್‌ಗಳು ಹೊಲಿಗೆ ಕೋಣೆಯಲ್ಲಿದ್ದವು. ಲೈಬ್ರರಿಗೆ ಹೊರಟಾಗ ಅವಳೇ ಬಾಗಿಲಿಗೆ ಬೀಗ ಹಾಕಿ, ಇದ್ದ ಒಂದೇ ಕೀಲಿಯನ್ನು ಜೇಬಿಗೆ ಹಾಕಿಕೊಂಡಿದ್ದಳು. ಆನೆ ಕದಲಿದ ಮೇಲೆ ಮಣೆಯ ಸ್ಥಿತಿಯೇ ಹೊಸದಾಗಿತ್ತು. ಈ ರಾಣಿಯ ನಡೆಯನ್ನು ನಿನ್ನೆಯೇ ಕೇಳಿಟ್ಟುಕೊಂಡಿರಬಹುದೇ?

ಅವಳು ಹೋಗಿ ಬೀಗ ತೆಗೆದು ಮೌನಿಯನ್ನು ಎತ್ತಿಕೊಂಡು ಬಂದು, ಊಟದ ಮೇಜಿನ ಮೇಲೆ ಸ್ಥಿತಿಯನ್ನು ಜೋಡಿಸಿ ಗುಂಡಿ ಒತ್ತಿದಳು. ನಿಮಿಷ ಮುಗಿಯಿತು. ಮೌನಿ ಕಾಲಾಳೊಂದನ್ನು ತೋರಿಸಿತು. ರಾಣಿಯ ಸುದ್ದಿಯೇ ಇಲ್ಲ.

ತಪ್ಪು ನಡೆಯಿರಬೇಕು ಎನ್ನುತ್ತ ಅವಳು ಸಮಯದ ಮಿತಿಯನ್ನು ಹುಡುಕಿ ತೆಗೆದುಹಾಕಿದಳು. ಬೇಕಾದಷ್ಟು ಯೋಚಿಸಲಿ ಎಂದು ಬಿಟ್ಟಳು.

ಜನ ಬರತೊಡಗಿದರು. ಊರುಗೋಲುಗಳ ಸದ್ದು, ಕಾಫಿಯ ವಾಸನೆ, ಬೆರ್ರಿ ಪೈ ಇದೆಯೋ ಇಲ್ಲವೋ ಎಂಬ ಚರ್ಚೆ. ಕ್ಲಾರೆನ್ಸ್ ಗೊರಕೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಹಿಂದಿನ ಸಾಲಿನಲ್ಲಿ ಕೂತರು. ಪೆಟಿಗ್ರೂ ಮುಂದಿನ ಸಾಲಿಗೆ ಬಂದು, ಎದ್ದು ನಿಂತು, ದೂರನ್ನು ವಾಪಸ್ಸು ಪಡೆದಿದ್ದೇನೆ, ಶ್ರೀಮತಿ ಕೊವಾಲ್ ಅವರ ಕ್ಷಮೆ ಕೇಳುತ್ತೇನೆ ಎಂದು ಒಂದೇ ವಾಕ್ಯದಲ್ಲಿ ಹೇಳಿ ಕೂತರು. ಸಭೆ ನಡೆಸಲು ಬಂದಿದ್ದ ಮೇಲ್ವಿಚಾರಕಿಗೆ ನಡೆಸಲು ಏನೂ ಉಳಿಯಲಿಲ್ಲ. ಪೈ ತರಲು ಹೇಳಿದರು.

ಆಗ ಮೌನಿಯ ಪರದೆ ಮಿನುಗಿತು. ಇಷ್ಟು ಹೊತ್ತು ಕಾಲಾಳಿಗೆ ಅಂಟಿಕೊಂಡಿದ್ದ ಯಂತ್ರ ಮನಸ್ಸು ಬದಲಿಸಿತ್ತು. ಈಗ ಅದು ಬಿಳಿ ರಾಣಿಯನ್ನು ಎತ್ತಿ ಮಣೆಯ ಅಂಚಿನ ಅದೇ ಖಾಲಿ ಮನೆಯಲ್ಲಿಟ್ಟು ತೋರಿಸುತ್ತಿತ್ತು.

ಆನೆಯನ್ನು ಆಡಿದವರು ಮೌನಿಯನ್ನು ಕೇಳಿರಲಿಲ್ಲ. ಯಾವ ಯಂತ್ರವನ್ನೂ ಕೇಳಿರಲಿಲ್ಲ. ಮೌನಿ ಇಷ್ಟು ಹೊತ್ತು ತಿಣುಕಿ ಕಂಡುಕೊಂಡದ್ದನ್ನು, ಈ ಮನೆಯಲ್ಲಿ ಯಾರೋ ಗಾಜಿನ ಮುಚ್ಚಳ ಎತ್ತಿ ನಿಂತಲ್ಲೇ ಕಂಡಿದ್ದರು.

ಅವಳು ಅದನ್ನು ಅಮ್ಮನಿಗೆ ಹೇಳಲು ತಿರುಗಿದಳು. ಅಮ್ಮ ಪಕ್ಕದಲ್ಲಿರಲಿಲ್ಲ. ಕಿಟಕಿ ಮೇಜಿನ ಬಳಿ ನಿಂತು, ಚಮಚದಿಂದ ಬಟ್ಟಲು ಬಡಿಯುತ್ತಿದ್ದರು.

"ನಿನ್ನೆ ನೀವೆಲ್ಲಾ ಚಪ್ಪಾಳೆ ಹೊಡೆದ್ರಲ್ಲ, ಅದು ನಂದಲ್ಲ," ಎಂದರು ಸ್ಟೆಫಾನಿಯಾ. "ಆನೆ ನಾನು ಆಡಿದ್ದಲ್ಲ. ಈಗ ರಾಣಿ ಹೋಗಿ ಕೂತಿದೆ, ಅದೂ ನಾನಲ್ಲ. ಬಾಯಿಬಿಟ್ಟರೆ ಮೇಜು ಹೋಗುತ್ತೆ ಅಂತ ಸುಮ್ಮನಿದ್ದೆ. ಗಂಜಿ ಗಂಟಲಲ್ಲಿ ಇಳೀಲಿಲ್ಲ. ಯಾರು ಆಡ್ತಿದೀರೋ ಬನ್ನಿ, ಇದು ನಿಮ್ಮ ಕುರ್ಚಿ. ನಾನು ಪಕ್ಕದಲ್ಲಿ ಕೂತು ನೋಡ್ತೀನಿ."

ಅವರು ತಮ್ಮ ಕುರ್ಚಿಯನ್ನು ಹಿಂದಕ್ಕೆ ಎಳೆದು ಖಾಲಿ ಬಿಟ್ಟರು.

ಡಾರಿಯಾ ಒಂದೊಂದು ಮುಖವನ್ನೂ ನೋಡುತ್ತ ಬಂದಳು.

ಕುರ್ಚಿ ಸರಿದ ಸದ್ದಾಯಿತು. ಹಿಂದಿನ ಸಾಲಿನಲ್ಲಿ ಕ್ಲಾರೆನ್ಸ್ ವೀಬ್, ಗೊರಕೆಯನ್ನು ಎದೆಗವಚಿಕೊಂಡು, ಕಿವಿಯವರೆಗೆ ಕೆಂಪಾಗಿ ಎದ್ದು ನಿಂತಿದ್ದರು. ಗೆಳತಿಯ ಮಾನ ಉಳಿಸಲು ಸುಳ್ಳನ್ನಾದರೂ ಹೇಳಲು ಹೊರಟವರ ಮುಖ ಅವರದು.

ಸ್ಟೆಫಾನಿಯಾ ಅವರತ್ತ ನೋಡಿ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಕುರ್ಚಿ ಸರಿಯಿತು.

ಮುಂದಿನ ಸಾಲಿನಲ್ಲಿ ಗಾರ್ಡನ್ ಪೆಟಿಗ್ರೂ ನಿಂತಿದ್ದರು. ಅವರು ಯಾರನ್ನೂ ನೋಡುತ್ತಿರಲಿಲ್ಲ, ತಮ್ಮ ಬಲಗೈಯನ್ನೇ ನೋಡುತ್ತಿದ್ದರು. ಆ ಕೈ ಗಾಜಿನ ಮುಚ್ಚಳದ ಕೆಳಗೆ ಹೋಗಿ ಬಿಳಿ ಕಾಯಿಗಳನ್ನು ನಡೆಸಿ ಬಂದಿತ್ತೆಂದು ಈಗಷ್ಟೇ ನೆನಪಾದವರಂತೆ.